ಸಂತೆಕಲ್ಲೂರಿನಾಗ ನಮ್ಮ ಕ್ಲಬ್ಬು

ನಿಜಾಮಶಾಹಿ ಹೋದ ಹೊಸತು. ಲಿಂಗಸುಗೂರಿನಾಗ ಫಟಫಟಿ, ಅಂದ್ರ ಮೋಟಾರ್ ಸೈಕಲ್ಲು, ಇದ್ದ ನಾವು ನಾಲ್ವರು ಗೆಳೆಯರು ಕೂಡಿ ಒಂದು ಕ್ಲಬ್ಬು ಮಾಡಿಕೊಂಡಿದ್ವಿ. ಒಂದು ಐತವಾರ ಸಿಂಧನೂರಿಗೆ ಹೋಗಿ ಸಂಜೀಕ ತಿರುಗಿ ಬರೋಣಂತ ಹೊಂಟ್ವಿ. ಮಸ್ಕಿ ದಾಟಿರಲಿಲ್ಲ, ಸಂತೆಕಲ್ಲೂರಿನ ಬೇವಿನಗಿಡದ ನೆಳ್ಳಿಗೆ ಗಾಡಿ ನಿಲ್ಲಿಸಿದ್ದೇ ತಡ, ಅರ್ಧ ಊರು ನೆರೀತು.

ಕಟ್ಟಿ ಮ್ಯಾಲೆ ಕುಂತಿದ್ದ ಹಿರಿಯರೊಬ್ಬರು, "ಯಾರ್ರೀ ನೀವು, ಸರಕಾರದವ್ರೇನು?" ಅಂತ ಕೇಳಿದ್ರು.

"ಅಲ್ರೀ ಯಜಮಾನ್ರ, ನಾವು ಕ್ಲಬ್ಬಿನವ್ರು," ಅಂದೆ ಎದಿ ಉಬ್ಬಿಸಿ.

ಅವರ ಮುಖ ಅರಳಿತು. "ಮದಲ ಹೇಳಬಾರದೇನ್ರೀ! ನನಗೊಂದು ಚಾ ಹಾಕ್ರಿ. ಸಕ್ರಿ ಜಾಸ್ತಿ ಇರಲಿ."

ನಮ್ಮ ಕಡೆ ಮಂದಿಗೆ ಕ್ಲಬ್ಬಂದ್ರ ಚಾದಂಗಡಿ ಅನ್ನೋದು ಆಗ ನೆನಪಾತು.

"ಇದು ಫಟಫಟಿ ಹೊಡಿಯೋರ ಕ್ಲಬ್ಬು ರೀ."

"ಕೂಡಿ ಏನ್ ಮಾಡ್ತೀರಿ?"

"ಸುಮ್ನ ಹೋಗ್ತೀವಿ, ಬರ್ತೀವಿ."

"ಸಂತಿ ಇಲ್ಲ, ಬೀಗರ ಮನಿ ಇಲ್ಲ, ಸುಮ್ನ?"

ಮಂದಿ ನಮ್ಮನ್ನ ಹುಚ್ಚರನ್ನ ನೋಡಿದಂಗ ನೋಡಾಕತ್ತಿತು. ಇದಕ್ಕಿಂತ ಚಾದಂಗಡಿಯವರಾಗೋದೇ ಚಲೋ ಅನಿಸ್ತು. ಗೆಳೆಯ ಸಿದ್ದಣ್ಣ ತನ್ನ ಚೀಲದಾಗಿನ ಥರ್ಮಾಸು ತೆಗೆದು, ಮುಚ್ಚಳಕ್ಕ ಚಾ ಸುರುವಿ ಕೊಟ್ಟ.

ಯಜಮಾನ್ರು ಒಂದು ಗುಟುಕು ಕುಡಿದು ಫಟಫಟಿ ಕಡೆ ನೋಡಿದ್ರು. "ಇಷ್ಟು ಜೋರು ಓಡಿಸಿಕೊಂಡು ಬಂದೀರಿ, ಆದ್ರೂ ಚಾ ಆರಿ ಹೋಗೈತಲ್ರೀ!"

ಇವತ್ತಿನತನಕ ನಮ್ಮ ಕ್ಲಬ್ಬಿನ ಮ್ಯಾಲೆ ಬಂದ ಫಿರ್ಯಾದು ಅದೊಂದೇ.