ಫ್ಯಾನ್ ಹಚ್ಚಬ್ಯಾಡ್ರಿ

ಮಾವನವರು ತೀರಿಕೊಂಡದ್ದು ಬೇಸಿಗೆಯ ಒಂದು ಬೆಳಿಗ್ಗೆ. ಅಳುವುದಕ್ಕೂ ಮೊದಲು ನಾನು ಮಾಡಿದ ಕೆಲಸ ಫ್ಯಾನ್ ಆರಿಸಿದ್ದು. ಗಾಳಿ ಬಡಿದರೆ ಕಣ್ಣು ಒಣಗುತ್ತದೆ, ಒಣಗಿದರೆ ಯಾರಿಗೂ ಉಪಯೋಗಕ್ಕೆ ಬಾರದು ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಹತ್ತಿ ವ್ಯಾಪಾರ ಬಿಟ್ಟ ಮೇಲೆ ದಿನಾ ಮಧ್ಯಾಹ್ನ ಅಂಧ ಮಕ್ಕಳ ಹಾಸ್ಟೆಲಿಗೆ ಹೋಗಿ ಪಾಠ ಓದಿ ಹೇಳುತ್ತಿದ್ದರು. ಅಲ್ಲಿಂದ ಬಂದವರೇ ಒಂದು ದಿನ, "ನಾ ಹ್ವಾದ ಮ್ಯಾಲ ನನ್ನ ಕಣ್ಣ ಕೊಡಬೇಕವ್ವಾ. ನಿನ್ನ ಗಂಡ ಮೆತ್ತಗಿನಂವ, ನೀನ ಮುಂದ ನಿಂದ್ರು," ಅಂದಿದ್ದರು. ನಾನು ಹ್ಞೂಂ ಅಂದುಬಿಟ್ಟಿದ್ದೆ.

ನಮ್ಮವರು ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದರು. ಬರುತ್ತೇವೆ, ಆದರೆ ಮನೆಯವರಲ್ಲಿ ಒಬ್ಬರು ಬೇಡವೆಂದರೂ ಮುಟ್ಟುವುದಿಲ್ಲ ಎಂದರಂತೆ. ಅಷ್ಟರಲ್ಲಿ ನಮ್ಮ ಪದ್ಧತಿಯಂತೆ ಮಾವನವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟಿದ್ದರು. ಮುಚ್ಚಿದ ರೆಪ್ಪೆಗಳ ಮೇಲೆ ನಾನು ಒದ್ದೆ ಅರಳೆ ಇಟ್ಟೆ. ಓಣಿಯವರು ಬರತೊಡಗಿದರು. ಬಂದವರೆಲ್ಲ ಬೆವರು ಒರೆಸಿಕೊಂಡು ಮೊದಲು ಕೈಹಾಕಿದ್ದು ಫ್ಯಾನಿನ ಬಟನ್ನಿಗೆ! ಅವರು ಹಚ್ಚುವುದು, ನಾನು ಆರಿಸುವುದು. "ಸತ್ತ ಮನ್ಯಾಗೂ ಕರೆಂಟ್ ಉಳಸಾಕತ್ತಾಳ ನೋಡ್ರಿ," ಎಂದು ಯಾರೋ ಪಿಸುಗುಟ್ಟಿದರು. ಅನ್ನಲಿ. ನನ್ನ ಜೀವವೆಲ್ಲ ಬಾಗಿಲಲ್ಲಿತ್ತು.

ಆಸ್ಪತ್ರೆಯವರಿಗಿಂತ ಮೊದಲು ಶಿರಗುಪ್ಪಿಯಿಂದ ಮಾವನವರ ಅಕ್ಕ ಬಂದರು. ಅವರಿಗೆ ಕಣ್ಣು ಪೂರ್ತಿ ಹೋಗಿ ವರ್ಷಗಳಾಗಿದ್ದವು. ತಮ್ಮನ ಮುಖ ಸವರುತ್ತ ಬಂದ ಕೈಗೆ ಅರಳೆ ತಾಕಿತು.

"ಇದೇನ ಇದು?"

ನಾನು ಎಲ್ಲ ಬಿಡಿಸಿ ಹೇಳಿದೆ, ಫ್ಯಾನಿನ ಸಂಗತಿ ಸಮೇತ. ಅವರು ಅರಳೆ ಕಿತ್ತೆಸೆದರು.

"ಕಣ್ಣ ತಗಸ್ತೀಯಾ? ಕೈಯಾಗಿನ ಲಿಂಗ ಅಂವ ಹ್ಯಾಂಗ ನೋಡಬೇಕ? ಕುರುಡಾಗಿ ಕೈಲಾಸಕ್ಕ ಹೋಗಬೇಕೇನ ನನ್ನ ತಮ್ಮ?" ಎಂದು ಅಡ್ಡ ಕುಳಿತುಬಿಟ್ಟರು. ಪಾಪ, ಮುದುಕಿಗೆ ಧಗೆ ಎಂದು ಯಾರೋ ಮತ್ತೆ ಫ್ಯಾನ್ ಹಚ್ಚಿದರು. ನಮ್ಮವರು ತಲೆ ತಗ್ಗಿಸಿ ನಿಂತರು. ಹೊರಗೆ ಜೀಪು ನಿಂತ ಸದ್ದು. ಈ ಅತ್ತೆ ಡಾಕ್ಟರ ಮುಂದೆ ಒಮ್ಮೆ ಬೇಡ ಅಂದರೆ ಮುಗಿಯಿತು, ಜೀಪು ಹಾಗೇ ತಿರುಗುತ್ತದೆ.

ನನ್ನದು ಮೊದಲೇ ಹರಕು ಬಾಯಿ. "ಅತ್ತೀ, ನೀವು ದಿನಾ ಲಿಂಗಪೂಜಿ ಮಾಡ್ತೀರಲ್ಲ, ನಿಮಗ ಲಿಂಗ ಕಾಣಸ್ತದೇನ್ರಿ?" ಅಂದುಬಿಟ್ಟೆ.

ಕಣ್ಣಿಲ್ಲದವರ ಮುಂದೆ ಆಡುವ ಮಾತೇ ಅದು? ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ತಡವರಿಸಿ ತಮ್ಮನ ಎಡಗೈ ಹುಡುಕಿಕೊಂಡು, ಲಿಂಗದ ಮೇಲೆ ಮೆಲ್ಲಗೆ ಬೆರಳಾಡಿಸತೊಡಗಿದರು.

ಡಾಕ್ಟರು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು, "ಎಲ್ಲಾರ ಒಪ್ಪಿಗಿ ಐತೇನ್ರಿ?" ಎಂದು ಕೇಳಿದರು.

ಅತ್ತೆ ಗಾಳಿ ಬರುತ್ತಿದ್ದ ಕಡೆ ಮುಖ ಎತ್ತಿದರು.

"ಆ ಫ್ಯಾನ್ ಯಾರ ಹಚ್ಚೀರಿ? ಲಗೂನ ಬಂದ್ ಮಾಡ್ರಿ. ನನ್ನ ತಮ್ಮನ ಕಣ್ಣ ಒಣಗತಾವ."