ಸೊನ್ನೆ ಹಾಕಿದ ಹೆಸರು

ನಾನು ಕತೆ ಕಟ್ಟುವವನಾಗಿದ್ದರೆ ಇದರಲ್ಲಿ ನನ್ನನ್ನು ಸ್ವಲ್ಪ ಒಳ್ಳೆಯವನನ್ನಾಗಿ ಮಾಡಿಕೊಳ್ಳುತ್ತಿದ್ದೆ. ಮಾಡಿಕೊಂಡಿಲ್ಲ. ಆದದ್ದನ್ನು ಆದ ಹಾಗೇ ಹೇಳುತ್ತಿದ್ದೇನೆ. ಇದು ನನ್ನ ಕಣ್ಣೆದುರು ನಡೆದದ್ದು.

ನಮ್ಮದು ಮರಗೆಲಸದ ಮನೆತನ. ಹೊಸಹೊಳಲಿನಿಂದ ತುಸು ಆಚೆ, ರಸ್ತೆ ಬದಿಯಲ್ಲಿ ನಮ್ಮ ಶೆಡ್ಡು. ಅಪ್ಪ ಉಳಿ ಹಿಡಿದು ಬೆಳೆದವನು. ಈಗ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಕೊಟ್ಟರೆ ಸಾಕು, ಮೆಷಿನ್ನು ತಾನೇ ತೇಗದ ಹಲಗೆಯ ಮೇಲೆ ಕೆತ್ತುತ್ತದೆ. ಅದನ್ನು ನಡೆಸುತ್ತಿದ್ದವರು ಇಬ್ಬರು. ನಾನು, ಮಂಜುನಾಥ. ಇನ್ನೊಬ್ಬ ತೀರಿಹೋದ ಚಿಕ್ಕಪ್ಪನ ಮಗ ಚಂದ್ರು. ದಿನವೂ ಕಿಕ್ಕೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಬಾಯಲ್ಲಿ ಸದಾ ಒಂದು ಲವಂಗ.

ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ಮೇಲೆ ಎರಡು ಹೆಸರು. ಅವನದು, ಅದರ ಕೆಳಗೆ ನನ್ನದು. ಬಂದ ಗಿರಾಕಿಗಳೆಲ್ಲ "ಚಂದ್ರುದು ತೋರ್ಸಿ" ಎನ್ನುವವರೇ. ಬಾಗಿಲಿಗೆಂದು ಅವನು ಬರೆದ ಗಿಳಿ ಕತ್ತು ತಿರುಗಿಸಿ ನಿಮ್ಮನ್ನೇ ನೋಡುತ್ತಿತ್ತು. ನನ್ನದನ್ನು ನೋಡಿ ಅಪ್ಪ ಗಿರಾಕಿಗಳ ಎದುರೇ ಕೇಳಿದ್ದ, "ಇದೇನ್ಲಾ ಮಂಜ, ಗಿಳಿನೋ ಕಾಗೆನೋ?"

ಎಲ್ಲರೂ ನಕ್ಕರು. ಚಂದ್ರು ಮಾತ್ರ ನಗಲಿಲ್ಲ. ನನಗೆ ಹೆಚ್ಚು ಉರಿದದ್ದು ಅದೇ.

ಅವನ ಹೆಸರನ್ನು ದಿನಾ ಬೆಳಗ್ಗೆ ನೋಡುವುದೇ ಒಂದು ಹಿಂಸೆಯಾಯಿತು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಉಪಾಯ ಕಲಿತೆ. ಕಂಪ್ಯೂಟರಿನ ಒಳಗೆಲ್ಲೋ ಒಂದು ಪಟ್ಟಿ ಮಾಡಿ, ಅದರಲ್ಲಿ ಹೆಸರು ಬರೆದು, ಮುಂದೆ ಸೊನ್ನೆ ಹಾಕಬೇಕು. ಅಕೌಂಟು ಅಳಿಯುವುದಿಲ್ಲ. ಫೈಲುಗಳೆಲ್ಲ ಇದ್ದಲ್ಲೇ ಇರುತ್ತವೆ. ಹೆಸರೊಂದು ಕಾಣುವುದಿಲ್ಲ, ಅಷ್ಟೇ.

ಹಾಕಿದೆ. ಮತ್ತೆ ಆನ್ ಮಾಡಿದಾಗ ಪರದೆಯ ಮೇಲೆ ನಾನೊಬ್ಬನೇ. ಎಷ್ಟು ಹಾಯೆನಿಸಿತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮರುದಿನ ಚಂದ್ರು ಬಂದು ನೋಡಿದ. "ಅಣ್ಣ, ನನ್ನ ಎಸ್ರೇ ಇಲ್ವಲ್ಲ?"

"ಅಪ್‌ಡೇಟ್ ಆಯ್ತು ಕಣ್ಲಾ. ಒಂಟೋಯ್ತು."

"ನನ್ ಡಿಸೈನೆಲ್ಲಾ?"

"ಎಲ್ಲಾ."

ಮೂರು ವರ್ಷದ ಕೆಲಸ. ಅವನು ಮರದ ಹೊಟ್ಟಿನ ಮೇಲೇ ಕುಕ್ಕರಿಸಿದ. ಮಧ್ಯಾಹ್ನದ ಬಸ್ಸಿಗೆ ಹೋದವನು ಮತ್ತೆ ಬರಲಿಲ್ಲ.

ಆದರೆ ಅವನದೇ ಜೋಡಿ ಗಿಳಿ ಬೇಕೆಂದು ಒಬ್ಬರು ಬಾಗಿಲು ಹೇಳಿಹೋಗಿದ್ದರು. ಗೃಹಪ್ರವೇಶಕ್ಕೆ ಎರಡೇ ದಿನವಿತ್ತು. ಹಗಲು ಕರೆಂಟು ಪದೇ ಪದೇ ಹೋಗುತ್ತಿತ್ತು. ಅಂದು ರಾತ್ರಿ ನನ್ನದೇ ಡಿಸೈನು ಹಾಕಿ ಮೆಷಿನ್ನು ಬಿಟ್ಟೆ.

ಹನ್ನೊಂದು ದಾಟಿರಬೇಕು. ಮುಖ ತೊಳೆಯಲು ಹೊರಗಿನ ತೊಟ್ಟಿಗೆ ಹೋದೆ. ಕಬ್ಬಿನ ಗದ್ದೆಯ ಕಡೆಯಿಂದ ತಣ್ಣನೆ ಗಾಳಿ. ಇದ್ದಕ್ಕಿದ್ದಂತೆ ಒಳಗೆ ಮೆಷಿನ್ನಿನ ಸದ್ದು ಬದಲಾಯಿತು... ಒರಟಾಗಿ ಕೊರೆಯುತ್ತಿದ್ದದ್ದು ಸಣ್ಣಗೆ, ಯಾರೋ ಹಲ್ಲು ಕಚ್ಚಿ ಗುನುಗುವ ಹಾಗೆ.

ಒಳಗೆ ಕಾಲಿಟ್ಟೆ. ತೇಗದ ಹೊಟ್ಟಿನ ವಾಸನೆಯ ಜೊತೆಗೆ ಇನ್ನೊಂದು ವಾಸನೆ...

ಲವಂಗ.

ಕಂಪ್ಯೂಟರು ತಾನೇ ಲಾಕ್ ಆಗಿತ್ತು. ಪರದೆಯ ಮೇಲೆ ಒಂದೇ ಹೆಸರು. ಚಂದ್ರು.

ನನ್ನದು ಇರಲಿಲ್ಲ. ಮೇಲಿಲ್ಲ, ಕೆಳಗಿಲ್ಲ, ಎಲ್ಲೂ ಇಲ್ಲ. ನನ್ನ ಪಾಸ್‌ವರ್ಡ್ ಹೊಡೆದೆ, ತೆಗೆದುಕೊಳ್ಳಲಿಲ್ಲ. ಮತ್ತೆ ಹೊಡೆದೆ. ಅತ್ತ ಬಾಗಿಲ ಹಲಗೆಯ ಮೇಲೆ ಒಂದು ಗಿಳಿ ಮೆಲ್ಲಗೆ ಕತ್ತು ತಿರುಗಿಸುತ್ತಿತ್ತು. ನಾನು ಹಾಕಿದ ಡಿಸೈನಿನಲ್ಲಿ ಅಂಥ ಗಿಳಿ ಇರಲೇ ಇಲ್ಲ.

ಆಗ ಬಾಗಿಲಲ್ಲಿ ಟಾರ್ಚ್ ಬೆಳಕು. ಅಪ್ಪ!

ಜೀವ ಬಂದಂತಾಯಿತು. "ಅಪ್ಪಾ, ಇಲ್ನೋಡು..." ಎಂದು ಎದುರಿಗೆ ಓಡಿದೆ. ಬೆಳಕು ನನ್ನ ಮುಖದ ಮೇಲೆ ಬಿತ್ತು. ಕಣ್ಣು ಕುಕ್ಕಿತು. ಹಾಗೇ ದಾಟಿ ಹೋಯಿತು. ನಿಲ್ಲಲಿಲ್ಲ.

ಅಪ್ಪ ನನ್ನ ಪಕ್ಕದಲ್ಲೇ ಹಾದು ಹೋದ. ಅವನ ಪಂಚೆಯ ಅಂಚು ನನ್ನ ಕಾಲಿಗೆ ತಾಗಿತು. ಮೆಷಿನ್ನಿನ ಮುಂದಿದ್ದ ಖಾಲಿ ಸ್ಟೂಲಿನ ಹತ್ತಿರ ನಿಂತು ನಕ್ಕ.

"ಯಾವಾಗ್ ಬಂದ್ಲಾ ಮಗಾ?"

ಉತ್ತರ ಕೇಳಿಸಿಕೊಳ್ಳುವವನ ಹಾಗೆ ತಲೆಯಾಡಿಸಿದ. ಬಗ್ಗಿ ಗಿಳಿಯ ಮೇಲೆ ಬೆರಳಾಡಿಸಿದ. "ಆಹಾ... ಇದು ಕಣ್ಲಾ ಕೆಲ್ಸ ಅಂದ್ರೆ." ಆಮೇಲೆ ಸುತ್ತ ನೋಡಿ, "ಮಂಜ ಎಲ್ಲಿ?"

ಮತ್ತೆ ಸ್ಟೂಲಿನ ಕಡೆ ಕಿವಿಗೊಟ್ಟ. ಮತ್ತೆ ತಲೆಯಾಡಿಸಿದ.

"ಅಪ್ಪಾ!" ಎಂದು ಕಿರುಚಿದೆ. ಗಂಟಲು ನೋಯುವಷ್ಟು. ಅವನು ಕೈಯೆತ್ತಿ ಸ್ಟೂಲಿನ ಮೇಲಿನ ಬರಿಯ ಗಾಳಿಯನ್ನು, ಸರಿಯಾಗಿ ಒಬ್ಬ ಕೂತವನ ಬೆನ್ನಿನ ಎತ್ತರಕ್ಕೆ, ಮೆತ್ತಗೆ ಎರಡು ಸಲ ತಟ್ಟಿದ. ತಿರುಗಿ ಹೋಗಿಬಿಟ್ಟ.

ನಂಬುತ್ತೀರೋ ಇಲ್ಲವೋ, ಆ ಕ್ಷಣದಲ್ಲಿ ನನಗೆ ಭಯಕ್ಕಿಂತ ಮೊದಲು ಹೊಟ್ಟೆಕಿಚ್ಚು ಬಂತು. ನನ್ನ ಬೆನ್ನನ್ನು ಅಪ್ಪ ಒಂದು ಸಲವೂ ಹಾಗೆ ತಟ್ಟಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ, ನನಗೆ ಎರಡು ಮೊಳ ದೂರದಲ್ಲಿ, ಯಾರೋ ಲವಂಗ ಕಡಿದ ಸದ್ದು... ಕಟ್.

ಬೆಳಗಾಗುವವರೆಗೆ ಹೊರಗೆ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದೆ. ಕರೆಂಟು ಬಂದ ಮೇಲೆ ಒಳಗೆ ಹೋಗಿ ಕಂಪ್ಯೂಟರ್ ಹಾಕಿದರೆ ಪರದೆಯಲ್ಲಿ ನನ್ನ ಹೆಸರೊಂದೇ. ಪಾಸ್‌ವರ್ಡ್ ಮೊದಲ ಸಲಕ್ಕೇ ತೆಗೆದುಕೊಂಡಿತು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆ ಹಾಗೇ ಇತ್ತು. ಬಾಗಿಲಿನ ಮೇಲೆ ಮಾತ್ರ ಎರಡು ಗಿಳಿ, ಕರೆಂಟಿಲ್ಲದೆಯೇ ಮುಗಿದಿದ್ದವು.

ಚಂದ್ರುಗೆ ಫೋನ್ ಮಾಡಿದೆ. "ರಾತ್ರಿ ಬಂದಿದ್ಯೇನ್ಲಾ?"

"ಇಲ್ಲ ಕಣಣ್ಣ, ಮನ್ಲಿ ಮಲ್ಗಿದ್ದೆ. ಯಾಕೋ ಬಲಗೈ ಎಲ್ಲಾ ಜೋಮು ಇಡ್ದದೆ."

ಸೊನ್ನೆ ಅಳಿಸಿದೆ. ಅವನನ್ನು ಕರೆಸಿ, ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವನು, "ಕೇಳಿದ್ರೆ ನಾನೇ ಕಲ್ಸ್‌ಕೊಡ್ತಿದ್ನಲ್ಲಣ್ಣ" ಎಂದ. ಅವನ ಡಿಸೈನುಗಳೆಲ್ಲ ಇದ್ದವು. ಆ ರಾತ್ರಿಯ ಗಿಳಿಗಳ ಡಿಸೈನು ಮಾತ್ರ ಅವನ ಅಕೌಂಟಿನಲ್ಲೂ ಇಲ್ಲ, ನನ್ನದರಲ್ಲೂ ಇಲ್ಲ. ಬಾಗಿಲನ್ನು ಹೇಳಿದ ದಿನಕ್ಕೆ ಕೊಟ್ಟೆವು. ಆ ಮನೆಯ ಕಡೆ ನಾನು ಇಂದಿಗೂ ಹೋಗುವುದಿಲ್ಲ.

ಅಪ್ಪ ಇವತ್ತಿಗೂ ಆ ರಾತ್ರಿ ಚಂದ್ರುವೇ ಶೆಡ್ಡಿನಲ್ಲಿ ಕೂತಿದ್ದ ಎನ್ನುತ್ತಾನೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ, "ಮಂಜ ಎಲ್ಲಿ ಅಂತ ಕೇಳ್ದಲ್ಲಪ್ಪ, ಅವ್ನು ಏನಂದ?"

ಅಪ್ಪ ಬೀಡಿ ಹಚ್ಚುತ್ತಾ ನೆನಪಿಸಿಕೊಂಡ.

"ಇಲ್ಲೇ ಅವ್ನೆ ದೊಡ್ಡಪ್ಪ, ಕಾಣಾಕಿಲ್ಲ ಅಷ್ಟೆ, ಅಂದ."