ಬಂಗಾರ ಹಾಕದ ಬೀಕರ್

ಉತ್ತರದ ಹಿಂದಿ ಸೀಮೆಯ ಊರೊಂದರ ಬಂಗಾಲಿ ಟೋಲಾ ಎಂಬ ಓಣಿಯ ಕನ್ನಡ ಮಠದಲ್ಲಿ ಅಡುಗೆ ಮಾಡುವ ಕುಮಾರಯ್ಯನವರ ಮಗಳು ಭವಾನಿ ಆರು ವರ್ಷದಿಂದ ಒಂದೇ ಪಿಎಚ್‌ಡಿ ಪ್ರಬಂಧಕ್ಕೆ ಕಟ್ಟುಬಿದ್ದಿದ್ದಳು. ಟೈಟಾನಿಯಾ ಎಂಬ ಬಿಳಿ ಪುಡಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಕ್ಕೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೆ ಬಂಗಾರದ ಅತಿ ಸಣ್ಣ ಕಣಗಳನ್ನು ಅಂಟಿಸಿದರೆ, ಹಸಿರು ಬೆಳಕಿಗೆ ಬಂಗಾರದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿ ಆ ಶಕ್ತಿಯನ್ನು ಪುಡಿಗೆ ದಾಟಿಸುತ್ತವೆ. ಪುಡಿ ನೀರಿನ ಕೊಳೆಯನ್ನು ಒಡೆಯುತ್ತದೆ.

ಸೀರೆಗೆ ಹಾಕುವ ಬಣ್ಣದ ನೀರು ಅವಳ ಪುಡಿ ಬಿದ್ದು ಎರಡೇ ಗಂಟೆಯ ಬಿಸಿಲಿಗೆ ತಿಳಿಯಾದಾಗ ಮಾರ್ಗದರ್ಶಕರು ಹಿಗ್ಗಿದರು. ಆದರೆ ಪುಡಿ ಹಾಕದೆ ಪಕ್ಕದಲ್ಲಿಟ್ಟಿದ್ದ ಬೀಕರಿನ ಬಣ್ಣವೂ ಹೆಚ್ಚುಕಡಿಮೆ ಅಷ್ಟೇ ಮಾಸಿತ್ತು.

“ಆ ಬೀಕರ್ ಬಿಟ್ಟು ಬರಿ, ಬೇಟಿ. ಇಲ್ಲದಿದ್ದರೆ ನನ್ನ ಸಹಿ ಇಲ್ಲ,” ಎಂದರು ಅವರು.

ಸಹಿಯಿಲ್ಲದೆ ಪದವಿಯಿಲ್ಲ. ಬೇರೆಡೆ ಹೋದರೆ ಇಷ್ಟು ವರ್ಷವೂ ನೀರುಪಾಲು.

“ಅವರು ಹೇಳಿದಂಗ ಬರದು ಮುಗಸಬಾರದೇನವ್ವ?” ಎಂದರು ಕುಮಾರಯ್ಯ.

“ಝೂಠ್ ಹೆಂಗ ಬರೀಲಿ ಅಪ್ಪಾ? ಬಣ್ಣ ಬಿಸಿಲಿಗೇ ಹೋಗೇತಿ.”

ಭವಾನಿ ಬೆಳಕಿಗೆ ತಾನಾಗಿ ಕೆಡದ, ಬಣ್ಣವಿಲ್ಲದ ಕೊಳೆಯನ್ನು ಆರಿಸಿಕೊಂಡು ಹಸಿರು ದೀಪದಡಿ ಮೊದಲಿಂದ ಶುರುಮಾಡಿದಳು. ಬಂಗಾರ ನಿಜವಾಗಿಯೂ ಕೆಲಸ ಮಾಡಿತು, ಆದರೆ ಹತ್ತರಲ್ಲಿ ಒಂದು ಪಾಲು ಕೊಳೆ ಮಾತ್ರ ಹೋಯಿತು. ಪುಡಿ ಹಾಕದ ಆ ಬೀಕರನ್ನೂ ಈ ಸಣ್ಣ ಫಲವನ್ನೂ ಇದ್ದ ಹಾಗೆಯೇ ಬರೆದು ಕೊಟ್ಟಳು. ಪ್ರಬಂಧ ಮೂರು ತಿಂಗಳಿಂದ ಮಾರ್ಗದರ್ಶಕರ ಮೇಜಿನ ಮೇಲಿದೆ. ದಿನಾ ಅವರ ಬಾಗಿಲಲ್ಲಿ ಹೋಗಿ ನಿಲ್ಲುತ್ತಾಳೆ, ಅವರು ತಲೆಯೆತ್ತುವುದಿಲ್ಲ.